ನೋಡಿದ್ದು ಹೇಳಿದವರಿಗೆ ಫಾರ್ಮು

ನನ್ನ ತಂಗಿಯ ಮಗಳು ಕೀರ್ತಿ ಮಿಯಾಪುರದಾಚೆ ಹೊಸದಾಗಿ ತೆರೆದ ಕಾಲೇಜೊಂದರ ಪ್ರವೇಶ ವಿಭಾಗಕ್ಕೆ ಸೇರಿದ್ದಾಳೆ. ಕಿವಿಗೆ ಸಿಕ್ಕಿಸಿಕೊಳ್ಳುವ ಫೋನು, ಕೊರಳಿಗೆ ಪಟ್ಟಿ, ಎದುರಿಗೆ ಕಂಪ್ಯೂಟರು. ಕಳೆದ ವಾರ ಮನೆಗೆ ಬಂದವಳು, "ದೊಡ್ಡವ್ವ, ನೀನೂ ಇದೇ ಕೆಲಸ ಮಾಡೀಯಲ್ಲ, ಸೇರಬೇಕೋ ಬ್ಯಾಡೋ ಅಂತ ವಿಚಾರಿಸಾಕ ಬಂದವರಿಗೆ ಮೊದಲು ಏನು ಹೇಳಬೇಕು?" ಎಂದಳು. "ಏನೂ ಹೇಳಬ್ಯಾಡ" ಎಂದೆ. ಹುಡುಗಿ ಕಿಸಕ್ಕನೆ ನಕ್ಕಳು. ನಗದೆ ಏನು ಮಾಡಿಯಾಳು? ಅಂಗಡಿಗೆ ಉಪ್ಪು ತರಲು ಹೋದರೆ ಅಂಗಡಿಯವನ ಮಗಳ ಸಂಬಂಧ ಎಲ್ಲಿಗೆ ಬಂತು ಎಂದು ಕೇಳಿಕೊಂಡು ಬರುವವಳು ನಾನು. ನನ್ನ ಬಾಯಿಂದ ಇಂಥ ಮಾತು ಬಂದರೆ ಯಾರಿಗಾದರೂ ತಮಾಷೆಯೇ ಅನಿಸುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ, ಅವಳಿಗೂ ಅವಳಂಥವರಿಗೂ.

ನಾನು ಇಪ್ಪತ್ತೇಳು ವರ್ಷ ಕೆಲಸ ಮಾಡಿದ್ದು ಹಿಮಾಯತ್‌ನಗರದ ಒಂದು ಕಾನೂನು ಕಾಲೇಜಿನಲ್ಲಿ. ಕೆಳಗೆ ಸೀರೆ ಅಂಗಡಿ, ಮೇಲೆ ನಾವು. ಮೆಟ್ಟಿಲು ಎರಡಕ್ಕೂ ಒಂದೇ ಆದ್ದರಿಂದ ಆಷಾಢದ ರಿಯಾಯಿತಿ ಮಾರಾಟ ಶುರುವಾದರೆ ನಮ್ಮ ವಿಚಾರಣೆ ಕಿಟಕಿಯ ಮುಂದೆ ಹೆಂಗಸರು ಬಂದು ನಿಂತು "ಕಾಟನ್ ಎಕ್ಕಡ?" ಎಂದು, ಕಾಟನ್ ಸೀರೆ ಎಲ್ಲಿ ಅಂತ, ತೆಲುಗಿನಲ್ಲಿ ಕೇಳುತ್ತಿದ್ದರು. ಅವರಿಗೂ ನಾನು ಒಳ್ಳೆಯ ಮಾತಿನಲ್ಲೇ ದಾರಿ ತೋರಿಸುತ್ತಿದ್ದೆ, ಏನು ಕೊಂಡರೆಂದು ಇಳಿಯುವಾಗ ನೋಡುತ್ತಿದ್ದೆ ಕೂಡ.

ಮೊದಲು ನಾನು ಟೈಪಿಸ್ಟು. ಕಿಟಕಿಗೆ ಕೂರಿಸಿದವರು ಪ್ರಿನ್ಸಿಪಾಲ್ ದೇಶಪಾಂಡೆ ಸಾಹೇಬರು. ಕಲಬುರ್ಗಿ ಕಡೆಯವರು, ಜಡ್ಜರಾಗಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಬಂದ ವಾರದಲ್ಲೇ ನನ್ನನ್ನು ಕರೆದು, "ಸುಮಿತ್ರಾಬಾಯಿ, ನಿಮಗ ಕಾನೂನು ಬರ್ತದೇನು?" ಎಂದು ಕೇಳಿದರು. ಕೆಲಸಕ್ಕೆ ಸಂಚಕಾರ ಬಂತೆಂದುಕೊಂಡೆ. "ಇಲ್ಲರಿ ಸಾಹೇಬ್ರ, ಒಂದಕ್ಷರಾನೂ ಬರೂದಿಲ್ಲ" ಎಂದೆ. "ಭಾಳ ಛಲೋ ಆತು. ನಾಳಿಂದ ಕಿಟಕಿಗೆ ನೀವೇ ಕೂಡ್ರಿ" ಎಂದರು.

ಪ್ರವೇಶ ಪರೀಕ್ಷೆ ಬರೆದು ಸರ್ಕಾರದ ಪಟ್ಟಿಯಲ್ಲಿ ಬಂದವರನ್ನು ನಾವು ಏನೂ ಕೇಳುವಂತಿರಲಿಲ್ಲ. ಕಾಲೇಜಿನ ಕೈಯಲ್ಲೇ ಇದ್ದ ಕೆಲವು ಸೀಟುಗಳಿಗೆ ಮಾತ್ರ ಸಾಹೇಬರದೊಂದು ಪದ್ಧತಿ ಇತ್ತು. ಬಂದವರಿಗೆ ಕೂಡಲೇ ಫಾರ್ಮು ಕೊಡುವಂತಿಲ್ಲ. ಅವರು ಒಂದು ದಿನ ನಗರದ ಹಳೇ ಭಾಗದ ಕೋರ್ಟಿಗೆ ಹೋಗಿ, ಬೆಳಿಗ್ಗೆಯಿಂದ ಊಟದ ಬಿಡುವಿನವರೆಗೆ ಯಾವುದಾದರೂ ಕೋರ್ಟ್ ಹಾಲಿನಲ್ಲೋ ವರಾಂಡದಲ್ಲೋ ಕೂತು, ಬಂದು ಏನು ನೋಡಿದಿರೆಂದು ನನಗೆ ಹೇಳಬೇಕು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ನಾನು ಒಂದು ಉದ್ದ ರಿಜಿಸ್ಟರಿನಲ್ಲಿ ಬರೆಯಬೇಕು. ಸಂಜೆ ಚಹಾ ಕುಡಿಯುತ್ತ ಸಾಹೇಬರು ಅದನ್ನು ಓದುತ್ತಾರೆ. ಮೆಚ್ಚಿಗೆಯಾದರೆ ಹಸಿರು ಶಾಯಿಯ ಸಹಿ, ಮರುದಿನ ಫಾರ್ಮು. ಆಗದಿದ್ದರೆ ಇನ್ನೊಮ್ಮೆ ಹೋಗಿ ಕೂತು ಬರಬೇಕು.

ಲೆಕ್ಚರರುಗಳಿಗೆ ಇದು ಸರಿಬರಲಿಲ್ಲ. ಕಾನೂನು ಓದಿದ ತಾವು ಇಷ್ಟು ಜನರಿರುವಾಗ ಟೈಪಿಸ್ಟಿನ ಮುಂದೆ ಯಾಕೆ ಹೇಳಿಸುವುದು ಎಂದು ಕೇಳಿದರು. ಸಾಹೇಬರ ಉತ್ತರ ನನಗೆ ಇನ್ನೂ ನೆನಪಿದೆ. "ನಾಳೆ ಇವರ ಹತ್ರ ಕೇಸ್ ಹಿಡಕೊಂಡು ಬರೋರು ನಿಮ್ಮಂಥಾವ್ರಲ್ಲರಿ, ಸುಮಿತ್ರಾಬಾಯಿ ಅಂಥಾವ್ರು. ಈಕಿಗೆ ತಿಳಿಯೋ ಹಂಗ ಹೇಳಿದ್ರ ಸಾಕು." ನನ್ನ ದಡ್ಡತನವೇ ನನಗೆ ಹುದ್ದೆ ಕೊಡಿಸಿತೆಂದು ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಒಂದು ವಾರ ನಕ್ಕರು.

ನನಗಂತೂ ಹಬ್ಬವಾಯಿತು! ಇನ್ನೊಬ್ಬರ ಮನೆಯ ವಿಷಯ ಕೇಳಲು ಸಂಬಳ ಕೊಡುವ ಕೆಲಸ ಯಾರಿಗೆ ಸಿಗುತ್ತದೆ? ಮೊದಲ ತಿಂಗಳಲ್ಲೇ ತಂಪು ಕನ್ನಡಕ ಹಾಕಿದ ಒಬ್ಬ ಹುಡುಗ ಬಂದು ಅದ್ಭುತವಾಗಿ ಹೇಳಿದ. ಸಾಕ್ಷಿ ಗೀತೆಯ ಮೇಲೆ ಕೈಯಿಟ್ಟನಂತೆ, ಎದುರು ವಕೀಲ ಗುಡುಗಿದನಂತೆ, ಗಲಾಟೆ ಎದ್ದಾಗ ಜಡ್ಜರು ಸುತ್ತಿಗೆಯಿಂದ ಮೇಜು ಕುಟ್ಟಿ 'ಆರ್ಡರ್ ಆರ್ಡರ್' ಎಂದರಂತೆ. ನಾನು ಪೆನ್ನು ಹಿಡಿದ ಕೈ ನೋವು ಬರುವ ತನಕ ಬರೆದೆ, ಎರಡು ಪುಟ ತುಂಬಿತು. ಸಂಜೆ ಸಾಹೇಬರು ಓದಿ ನಕ್ಕ ರಭಸಕ್ಕೆ ಚಹಾ ತಟ್ಟೆಗೆ ಚೆಲ್ಲಿತು. "ಸುಮಿತ್ರಾಬಾಯಿ, ನಾ ಇಷ್ಟು ವರ್ಷ ಜಡ್ಜ್ ಇದ್ದೆ. ನನಗ ಒಬ್ಬರೂ ಸುತ್ತಿಗಿ ಕೊಡಲಿಲ್ಲ ನೋಡ್ರಿ. ಗೀತಾ ಪುಸ್ತಕನೂ ಕೊಡಲಿಲ್ಲ. ಈ ಮಗಾ ಕೋರ್ಟಿಗೆ ಹೋಗಿಲ್ಲ, ಸಿನಿಮಾಕ್ಕ ಹೋಗ್ಯಾನ."

ಅಲ್ಲಿಂದ ಸುತ್ತಿಗೆ ನಮಗೆ ಗುರುತಾಯಿತು. ನಮ್ಮ ಅಟೆಂಡರ್ ಯಾದಗಿರಿ ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಯಾರಾದರೂ ಜಡ್ಜರು ಮೇಜು ಕುಟ್ಟಿದರು ಎಂದ ಕೂಡಲೇ ಕೆಮ್ಮುತ್ತಿದ್ದ, ಅವರು ಇಳಿದು ಹೋದ ಮೇಲೆ "ಅಮ್ಮಾ, ಇಂಕೋ ಸುತ್ತಿ" ಎನ್ನುತ್ತಿದ್ದ. ಇನ್ನೊಂದು ಸುತ್ತಿಗೆ ಬಂತಪ್ಪ ಎಂದು ನಾನೂ ಪುಟದ ಅಂಚಿಗೆ ಗುರುತಿನ ಗೆರೆ ಎಳೆಯುತ್ತಿದ್ದೆ.

ಯಾವುದಕ್ಕೆ ಸಾಹೇಬರು ಸಹಿ ಹಾಕುತ್ತಾರೆ ಎಂಬುದು ಮಾತ್ರ ನನಗೆ ಬಹಳ ದಿನ ಬಗೆಹರಿಯಲಿಲ್ಲ. ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ನಿವೃತ್ತರಾದ ಒಬ್ಬರು ಬಂದಿದ್ದರು, ಕೋರ್ಟಿನೊಳಗೆ ಕಾಲೇ ಇಟ್ಟಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂತ ಟೈಪಿಸ್ಟರನ್ನೇ ನೋಡಿ ಬಂದಿದ್ದರು. ಹೆಂಡತಿಯ ಮೇಲೆ ಅರ್ಜಿ ಬರೆಸಲು ಬಂದವನೊಬ್ಬ ಟೈಪಿಸ್ಟು ಕಾಗದ ಸೇರಿಸುವಷ್ಟರಲ್ಲಿ ಎದ್ದು ಹೋದನೆಂದು ಹೇಳಿದರು, ಅಷ್ಟೇ. ಸಹಿ ಬಿತ್ತು. ಇನ್ನೊಬ್ಬ ಹುಡುಗಿ ಒಳಗೆ ಹೋಗಲು ಹೆದರಿ ಬಾಗಿಲ ಬಳಿಯೇ ನಿಂತು, ಯಾರ್‍ಯಾರು ಚಪ್ಪಲಿ ಬಿಟ್ಟು ಒಳಗೆ ಹೋದರೆಂದು ನೋಡಿಕೊಂಡು ಬಂದಿದ್ದಳು. ವಕೀಲರು ಯಾರೂ ಬಿಡಲಿಲ್ಲವಂತೆ, ಹಳ್ಳಿಯ ಹೆಂಗಸರೆಲ್ಲ ಬಿಟ್ಟರಂತೆ. ನಾನು ಇದೇನು ಹುಡುಗಾಟ ಎಂದುಕೊಂಡೆ. ಸಾಹೇಬರು ಆ ಪುಟವನ್ನು ಎರಡು ಸಲ ಓದಿ ಸಹಿ ಹಾಕಿದರು.

ಆಮೇಲೆ ಕಂಪ್ಯೂಟರಿನ ಕಾಲ ಬಂತು ನೋಡಿ. ಊರೆಲ್ಲ ಒಂದೇ ಜಪ. ಅಮೀರ್‌ಪೇಟೆಯ ಗೋಡೆಗಳ ಮೇಲೆ ಬಣ್ಣ ಕಾಣದಷ್ಟು ತರಬೇತಿಯ ಪೋಸ್ಟರುಗಳು, ಮಾಧಾಪುರದ ಬಂಡೆಗಳ ನಡುವೆ ದಿನಕ್ಕೊಂದು ಗಾಜಿನ ಕಟ್ಟಡ. ಬಿ.ಎ. ಓದಿದವರೂ, ಬಿ.ಎಸ್ಸಿ. ಓದಿದವರೂ ಯಾವುದೋ ಕೋರ್ಸು ಸೇರಿ ಆರು ತಿಂಗಳಿಗೆ ಕೆಲಸ ಹಿಡಿಯುತ್ತಿದ್ದರು. ನಮ್ಮ ಕಿಟಕಿಯ ಮುಂದೆ ನೊಣ ಕೂಡ ಬರಲೊಲ್ಲದು. ಬಂದ ಒಬ್ಬಿಬ್ಬರನ್ನು ನೋಡಿದರೆ ನನಗೆ ತಡೆಯಲಾಗದ ಕುತೂಹಲ. ಎಲ್ಲರೂ ಅತ್ತ ಓಡುತ್ತಿರುವಾಗ ಇವರು ಯಾಕಪ್ಪ ಇತ್ತ ಬಂದರು?

ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿಗೆ ಚಿಂತೆ ಹತ್ತಿತು. ಸಾಹೇಬರ ಪದ್ಧತಿಯಿಂದಲೇ ಜನ ಹೆದರುತ್ತಾರೆ, ಬರುವವರನ್ನು ಹೂವು ಕೊಟ್ಟು ಬರಮಾಡಿಕೊಳ್ಳಬೇಕು ಎಂದರು. ಒಂದು ಸ್ವಾಗತ ದಿನ ಮಾಡಿದರು. ಬಲೂನು, ಸಮೋಸ, ಪರದೆಯ ಮೇಲೆ ಬಣ್ಣದ ಚಿತ್ರಗಳು. ಚಿತ್ರ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಆ ಕತ್ತಲಲ್ಲಿ ಯಾರೋ ಒಬ್ಬ ತಾಯಿ, "ಓದಿ ಮುಗಿಸಿದ ಮೇಲೆ ಇವನು ದಿನವೂ ಎಲ್ಲಿ ಕೂರುತ್ತಾನೆ?" ಎಂದು ಕೇಳಿದರು. ವೇದಿಕೆಯ ಮೇಲಿದ್ದ ಯಾರಿಗೂ ಚಟ್ಟನೆ ಉತ್ತರ ಹೊಳೆಯಲಿಲ್ಲ. ಸಾಹೇಬರು ಹಿಂದಿನ ಸಾಲಿನಲ್ಲಿ ಕೂತು ಸಮೋಸ ತಿನ್ನುತ್ತಿದ್ದರು. ಕೂರುವ ಜಾಗವನ್ನು ಮೊದಲೇ ನೋಡಿ ಬರುವ ಆ ಪದ್ಧತಿಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ಅದೇ ದಿನಗಳಲ್ಲಿ ಮೈಸೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಬಂದ. ರಜೆ ಹಾಕಿ ಕೋರ್ಟಿನಲ್ಲಿ ಕೂತು ಬಂದು, "ಮೇಡಂ, ಬಾಯಲ್ಲಿ ಹೇಳೋದಕ್ಕಿಂತ ಬರೆದೇ ತೋರಿಸ್ತೀನಿ ಕೊಡಿ" ಎಂದು ನನ್ನ ರಿಜಿಸ್ಟರು ಕಸಿದುಕೊಂಡು ಚೌಕ, ಬಾಣ, ಚೌಕ, ಬಾಣ ಎಂದು ಒಂದು ಪುಟ ಬಿಡಿಸಿದ. ಎಲ್ಲಿ ಎಷ್ಟು ಹೊತ್ತು ಕಾಯುತ್ತಾರೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಎಲ್ಲ ಅದರಲ್ಲಿತ್ತು. ಸಾಹೇಬರು ರಿಜಿಸ್ಟರನ್ನು ಅಡ್ಡ ತಿರುಗಿಸಿ, ಉದ್ದ ತಿರುಗಿಸಿ ನೋಡಿ, "ಇದರಾಗ ಮನುಷ್ಯಾರೆಲ್ಲಿ ಅದಾರ?" ಎಂದರು. ಹುಡುಗ ಬೇಸರಪಟ್ಟುಕೊಳ್ಳದೆ ಮತ್ತೆ ಹೋದ. ಎರಡನೇ ಸಲ, ತನ್ನ ಹೆಸರು ಕೂಗಿದಾಗ ಹೊರಗೆ ಚಹಾ ಕುಡಿಯುತ್ತಿದ್ದ ಒಬ್ಬ ಆಟೋ ಡ್ರೈವರನ ಬಗ್ಗೆ ಹೇಳಿದ. ಅವನು ಓಡಿ ಬರುವಷ್ಟರಲ್ಲಿ ಮುಂದಿನ ಹೆಸರು ಕೂಗಿಯಾಗಿತ್ತಂತೆ. ಸಹಿ ಬಿತ್ತು, ಆದರೆ ಹುಡುಗ ಫಾರ್ಮು ಒಯ್ಯಲಿಲ್ಲ. "ಸೇರೋಕಲ್ಲ ಮೇಡಂ, ಹೇಗಿರತ್ತೆ ಅಂತ ತಿಳ್ಕೊಳ್ಳೋಕೆ ಬಂದಿದ್ದೆ" ಎಂದು ಕೈಮುಗಿದು ಹೋದ. ನನ್ನ ಹಾಗೇ ಕುತೂಹಲದ ಜಾತಿಯವನು ಎಂದು ಅವನನ್ನು ಮೆಚ್ಚಿಕೊಂಡೆ.

ಇಷ್ಟೆಲ್ಲ ಕೇಳಿ ಕೇಳಿ ನನಗೂ ಕಾನೂನು ಮೈಗೆ ಹತ್ತಿತು. ಸ್ಟೇ ಎಂದರೇನು, ವಾಯಿದೆ ಯಾಕೆ ಬೀಳುತ್ತದೆ, ಜೀವನಾಂಶಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಲ್ಲ ಬಾಯಿಪಾಠ. ನೆಂಟರ ಮದುವೆಗಳಲ್ಲಿ ನನ್ನ ಸುತ್ತ ನಾಲ್ಕು ಜನ ಕೂರುವಂತಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ತಲೆ ತಿರುಗಿತು. ಕಿಟಕಿಗೆ ಬಂದವರು ಒಂದು ಮಾತು ಶುರು ಮಾಡಿದರೆ ನಾನು ಮುಗಿಸುತ್ತಿದ್ದೆ. ಅವರು ತಡವರಿಸಿದರೆ ನಾನೇ ಶಬ್ದ ಕೊಡುತ್ತಿದ್ದೆ. ಬೇಗ ಬೇಗ ಕೆಲಸವಾಗುತ್ತಿತ್ತು, ಅಕ್ಷರವೂ ದುಂಡಗೆ. ಒಂದು ಸಂಜೆ ಸಾಹೇಬರು ಪುಟ ತಿರುವುತ್ತ, "ಏನ್ರಿ ಸುಮಿತ್ರಾಬಾಯಿ, ಈಗೀಗ ನಿಮ್ಮ ಪುಸ್ತಕದಾಗ ಎಲ್ಲಾರೂ ಒಂದೇ ಥರಾ ಮಾತಾಡಾಕತ್ತಾರಲ್ಲ?" ಎಂದರು. ನಾನು ಹೊಗಳಿಕೆ ಎಂದುಕೊಂಡು ಖುಷಿಯಿಂದ ಮನೆಗೆ ಹೋದೆ.

ರೇಣುಕಾ ಬಂದದ್ದು ಆ ವರ್ಷವೇ. ಸಣಕಲು ಹುಡುಗಿ, ಕಣ್ಣು ಕೆಂಪು. ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಾಗೇ ಬಂದಿದ್ದಳು. ನನ್ನ ತೆಲುಗು ಕೇಳಿದ ಕೂಡಲೇ, "ಬಾಯಾರ, ನೀವು ನಮ್ಮ ಕಡೆಯವರೇನ್ರಿ?" ಎಂದಳು. ಅವಳೂ ತಾಯಿಯೂ ಕಲಬುರ್ಗಿ ಬಿಟ್ಟು ಬಂದು ಲಿಂಗಂಪಲ್ಲಿಯಲ್ಲಿ ಬಾಡಿಗೆಗಿದ್ದರು. ಎರಡು ವರ್ಷ ಪ್ರವೇಶ ಪರೀಕ್ಷೆ ಬರೆದಿದ್ದಳು, ನಿದ್ದೆಗಣ್ಣಲ್ಲಿ ಬರೆದು ಎರಡೂ ಸಲ ಹೋಗಿತ್ತು. "ಇದು ಮೂರನೇ ವರ್ಷ ರಿ. ಅವ್ವ ಇದೇ ಕಡೀ ಸಲ ಅಂದಾಳ. ಇಲ್ಲಿ ಆಗಲಿಲ್ಲಂದ್ರ ಮನಿ ಖಾಲಿ ಮಾಡಿ ಪುಣೆಕ್ಕ ಮಾಮಾನ ಹತ್ರ ಹೋಗೂದು. ಅವರ ಅಂಗಡಿ ಲೆಕ್ಕಾ ಬರಕೊಂಡು ಇರೂದು" ಎಂದಳು. ನಮ್ಮಲ್ಲಿ ಒಂದೇ ಸೀಟು ಉಳಿದಿತ್ತು. ಮರುದಿನ ಮಧ್ಯಾಹ್ನದೊಳಗೆ ಹೆಸರುಗಳ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅವಳ ಕೆಳಗೆ ಇನ್ನೊಬ್ಬನ ಹೆಸರು ಕಾಯುತ್ತಿತ್ತು. ನಾನು ಪದ್ಧತಿ ವಿವರಿಸಿದೆ, ಅವಳು ನಿಂತ ಕಾಲಲ್ಲೇ ಕೋರ್ಟಿಗೆ ಹೋದಳು.

ಮೂರು ಗಂಟೆಗೆ ವಾಪಸ್ಸು ಬಂದಳು. ಕಿಟಕಿಯ ಮುಂದೆ ಅವತ್ತು ಜನ, ಶುಲ್ಕದ ರಸೀದಿ ಕೇಳುವವರು, ಸರ್ಟಿಫಿಕೇಟ್ ಕೇಳುವವರು. ನಾನು ಅವಸರದಲ್ಲಿದ್ದೆ. ಅವಳು ಮಾತಾಡುವುದು ಬಹಳ ನಿಧಾನ.

"ಫ್ಯಾಮಿಲಿ ಕೋರ್ಟಿನ ಹೊರಗ ಕುಂತಿದ್ನಿರಿ. ವರಾಂಡದಾಗ ಒಂದು ಬೆಂಚ್ ಇತ್ತು. ಈ ಕಡಿ ಒಬ್ಬಾಕಿ ಅಜ್ಜಿ, ಆ ಕಡಿ ಒಬ್ಬಾಕಿ ಅಜ್ಜಿ. ನಡುವ ಒಂದು ಹುಡುಗಿ, ಎಂಟು ವರ್ಷದಾಕಿ ಇರಬೇಕು..." ಎಂದು ನಿಲ್ಲಿಸಿದಳು.

"ಕಸ್ಟಡಿ ಕೇಸು" ಎಂದೆ ನಾನು. "ಗಂಡಾ ಹೆಂಡತಿ ಡೈವೋರ್ಸ್, ಕೂಸು ಯಾರ ಹತ್ರ ಇರಬೇಕು ಅಂತ. ಹುಡುಗೀನ ಒಳಗ ಕರದ್ರೇನು?"

"ಕರದ್ರು ರಿ."

"ಯಾರ ಹತ್ರ ಇರ್ತಿ ಅಂತ ಜಡ್ಜ್ ಕೇಳಿರ್ತಾರ. ಅವ್ವನ ಹತ್ರ ಅಂದಿರ್ತಾಳ ಹುಡುಗಿ. ಹೌದಿಲ್ಲೋ?"

ಅವಳು ನನ್ನನ್ನೇ ನೋಡಿದಳು. ಬಾಯಿ ತೆರೆದು ಮತ್ತೆ ಮುಚ್ಚಿದಳು. ಆಮೇಲೆ "ಹ್ಞೂಂ ರಿ" ಎಂದಳು. ನಾನು ದುಂಡಗೆ ಬರೆದೆ: 'ಕಸ್ಟಡಿ ಪ್ರಕರಣ. ಜಡ್ಜರು ಕೇಳಿದಾಗ ಮಗು ತಾಯಿಯ ಬಳಿ ಇರುತ್ತೇನೆ ಎಂದಿತು.' ನಾಳೆ ಬಾ ಎಂದು ಕಳಿಸಿ ಮುಂದಿನವರ ರಸೀದಿಗೆ ಕೈಹಾಕಿದೆ.

ಸಂಜೆ ಸಾಹೇಬರು ಆ ಪುಟದ ಮೇಲೆ ಬೆರಳಿಟ್ಟುಕೊಂಡು ನನ್ನನ್ನು ಕರೆದರು. "ಮಕ್ಕಳ ಸಂಗಡ ಜಡ್ಜ್ ಮಾತಾಡುವಾಗ ಬಾಗಿಲಾ ಹಾಕಿರ್ತದ. ಈ ಹುಡುಗಿ ಕುಂತಾಕಿ ವರಾಂಡದಾಗ. ಒಳಗಿನ ಮಾತು ಈಕಿಗೆ ಹೆಂಗ ಕೇಳಿಸ್ತು?"

ನಾನು ನನ್ನ ದುಂಡನೆಯ ಅಕ್ಷರಗಳನ್ನೇ ನೋಡುತ್ತ ನಿಂತೆ.

"ಸುತ್ತಿಗಿಯವರಿಗಿಂತ ಇದು ಕೆಟ್ಟದ್ದು, ಸುಮಿತ್ರಾಬಾಯಿ. ಅವರು ಸಿನಿಮಾ ನೋಡಿ ಹೇಳ್ತಾರ. ಈಕಿ ಬಾಗಿಲಾ ಮುಚ್ಚಿದ್ದು ನೋಡಿ, ಒಳಗಿನ ಸಾಕ್ಷಿ ತಾನೇ ಹುಟ್ಟಿಸ್ಯಾಳ. ಸೀಟು ಕೆಳಗಿನ ಹೆಸರಿಗೆ ಹೋಗಲಿ" ಎಂದು ಪುಟದ ಮೇಲೆ ಅಡ್ಡಗೆರೆ ಎಳೆದರು.

ನಾನು ಏನು ಹೇಳಿದೆ ಗೊತ್ತೇ? "ಆತ್ರಿ" ಎಂದೆ. ಅಷ್ಟೇ ಹೇಳಿ ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಬಸ್‌ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆ. ಬಾಯಿ ತೆರೆದು ಮುಚ್ಚಿದ ಆ ಹುಡುಗಿಯ ಮುಖ ಕಣ್ಣ ಮುಂದಿಂದ ಸರಿಯಲಿಲ್ಲ. ಅವಳು ಏನೋ ಹೇಳಲು ಬಂದಿದ್ದಳು, ನಾನು ಅದನ್ನು ಕೇಳಲೇ ಇಲ್ಲ. ಕೇಳುವುದೊಂದೇ ನನ್ನ ಕೆಲಸವಾಗಿತ್ತಲ್ಲ! ಮೂರನೇ ಬಸ್ಸು ಬರುವಾಗ ತಿರುಗಿ ಕಾಲೇಜಿಗೆ ಹೋದೆ. ಸಾಹೇಬರು ಕೊಡೆ ಹಿಡಿದು ಹೊರಟಿದ್ದರು.

"ಸಾಹೇಬ್ರ, ಆ ಮಾತು ಆಕಿದಲ್ಲರಿ. ನಂದು. ಆಕಿ ಬರೇ ಹ್ಞೂಂ ಅಂದಾಳ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೊಡೆಯನ್ನು ಗೋಡೆಗೊರಗಿಸಿ, "ಪಟ್ಟಿ ನಾಳೆ ಹನ್ನೆರಡಕ್ಕ ಹೋಗ್ತದ. ಹನ್ನೊಂದರೊಳಗ ಆಕಿ ಬಂದು ತನ್ನ ಮಾತಿನ್ಯಾಗ ತಾ ಹೇಳಬೇಕು. ನೀವು ಬಾಯಿ ತಗೀಬಾರದು. ಬರಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು.

ರೇಣುಕಾ ಕೊಟ್ಟಿದ್ದ ಪಕ್ಕದ ಮನೆಯ ನಂಬರಿಗೆ ಫೋನು ಮಾಡಿದೆ, ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಲೋಕಲ್ ರೈಲು ಹಿಡಿದು ಲಿಂಗಂಪಲ್ಲಿಗೆ ಹೋದೆ. ಸ್ಟೇಷನ್ನಿನ ಹಿಂದಿನ ಓಣಿಗಳಲ್ಲಿ ಕೇಳಿ ಕೇಳಿ ಮನೆ ಸಿಕ್ಕಿತು. ಬಾಗಿಲು ತೆರೆದದ್ದು ಅವಳ ತಾಯಿ. ಒಳಗೆ ಪಾತ್ರೆಗಳನ್ನು ಆಗಲೇ ಹಳೇ ಸೀರೆಯಲ್ಲಿ ಗಂಟು ಕಟ್ಟಿಟ್ಟಿದ್ದರು. ನಾನು ಯಾರೆಂದು ಹೇಳುತ್ತಿರುವಾಗ ರೇಣುಕಾ ಬಂದಳು, ಪಾಳಿಗೆ ಹೊರಟು ನಿಂತಿದ್ದಳು. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಮತ್ತ ಬಂದು ಏನು ಮಾಡಲ್ರಿ ಬಾಯಾರ?" ಎಂದಳು. ದನಿ ಏರಿಸಲಿಲ್ಲ, ಆದರೆ ಸಿಟ್ಟು ಕಾಣುತ್ತಿತ್ತು. "ನಾ ಒಂದು ಮಾತು ಅನ್ನೂದರಾಗ ನೀವೇ ಎಲ್ಲಾ ಹೇಳ್ತೀರಿ. ನಿಮಗ ಎಲ್ಲಾ ಗೊತ್ತೈತಿ."

"ತಪ್ಪಾತವ್ವಾ. ನಾಳೆ ನಾ ಬಾಯಿಗೆ ಬೀಗ ಹಾಕ್ಕೊಂಡು ಕೂಡ್ತೀನಿ. ನೀ ಬಾ, ಅಷ್ಟಽ" ಎಂದೆ.

ಹೊರಗೆ ಕಂಪನಿಯ ಗಾಡಿ ಹಾರ್ನ್ ಹೊಡೆಯಿತು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ, ಚಪ್ಪಲಿ ಮೆಟ್ಟಿ ಹೋಗಿಬಿಟ್ಟಳು. ಅವಳ ತಾಯಿ ನನಗೆ ಚಹಾ ಮಾಡಲು ಗಂಟು ಬಿಚ್ಚಿ ಪಾತ್ರೆ ತೆಗೆದರು. ಬೇಡವೆಂದರೂ ಕೇಳಲಿಲ್ಲ.

ಮರುದಿನ ಒಂಬತ್ತಕ್ಕೇ ಹೋಗಿ ಕೂತೆ. ಹತ್ತಾಯಿತು, ಹತ್ತೂವರೆಯಾಯಿತು. ಯಾದಗಿರಿ ಎಂಟು ಸಲ ಮೆಟ್ಟಿಲಿಳಿದು ರಸ್ತೆ ನೋಡಿ ಬಂದ. ಕಾರ್ಯದರ್ಶಿ ಪಟ್ಟಿಯಲ್ಲಿ ಕೆಳಗಿನ ಹೆಸರು ಟೈಪು ಮಾಡಲು ಎರಡು ಸಲ ಹೇಳಿ ಕಳಿಸಿದರು. ಹತ್ತು ನಲವತ್ತಕ್ಕೆ ಮೆಟ್ಟಿಲ ಮೇಲೆ ರೇಣುಕಾ ಕಂಡಳು. ಯಾದಗಿರಿ ನಾನು ಹೇಳುವ ಮೊದಲೇ ಕಿಟಕಿಯ ಹೊರಗೆ 'ಊಟದ ಬಿಡುವು' ಬೋರ್ಡು ತಗುಲಿಸಿಬಿಟ್ಟ. ನಾನು ಹೊಸ ಪುಟ ತೆಗೆದು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು ಕೂತೆ.

"ಬೆಂಚಿನ ಮ್ಯಾಲೆ ಎರಡೂ ಕಡಿ ಅಜ್ಜಿಗೋಳು. ನಡುವ ಹುಡುಗಿ" ಎಂದು ಶುರು ಮಾಡಿದಳು. "ಹುಡುಗಿ ಕೈಯಾಗ ನೀರಿನ ಬಾಟ್ಲಿ, ಕೆಂಪು ಮುಚ್ಚಳದ್ದು. ಹೆಸರು ಕೂಗಿದ್ರು. ಒಳಗ ಬಾಟ್ಲಿ ಒಯ್ಯೂಹಂಗಿಲ್ಲ ಅಂದ್ರು. ಈ ಅಜ್ಜಿನೂ ಕೈ ಚಾಚಿದ್ಳು, ಆ ಅಜ್ಜಿನೂ ಕೈ ಚಾಚಿದ್ಳು."

ಇಲ್ಲಿ ನಿಲ್ಲಿಸಿದಳು. ಅಬ್ಬಾ, ಆ ಸುಮ್ಮನಿರುವಿಕೆ! ಯಾರಿಗೆ ಕೊಟ್ಟಳು ಎಂದು ಕೇಳಲು ನನ್ನ ಇಡೀ ಮೈ ತುರಿಸಿತು. ಮುಚ್ಚಳ ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡೆ. ಗೋಡೆಯ ಗಡಿಯಾರದ ಕಡೆ ನೋಡಲಿಲ್ಲ.

"ಹುಡುಗಿ ಇಬ್ಬರನ್ನೂ ನೋಡಿದ್ಳು. ಬಾಗಿಲದಾಗ ನಿಂತಿದ್ದ ಅಟೆಂಡರ್‌ಗೆ ಕೊಟ್ಟು ಒಳಗ ಹೋದ್ಳು. ಬಾಗಿಲಾ ಹಾಕಿದ್ರು. ಅಟೆಂಡರ್ ಬಾಟ್ಲಿ ಕೆಳಗ ಇಡಲಿಲ್ಲ, ಎರಡೂ ಕೈಯಾಗ ಹಿಡಕೊಂಡೇ ನಿಂತಿದ್ದ. ಐದು ನಿಮಿಷಕ್ಕ ಹುಡುಗಿ ಹೊರಗ ಬಂದ್ಳು. ಅವನ ಹತ್ರ ಬಾಟ್ಲಿ ಇಸಕೊಂಡು ಮತ್ತ ನಡುವ ಬಂದು ಕುಂತ್ಳು. ಒಳಗ ಏನಾತೋ ನನಗ ಗೊತ್ತಿಲ್ಲರಿ. ಇಷ್ಟೇ ನಾ ನೋಡಿದ್ದು."

ಬರೆದು ಮುಗಿಸಿದೆ. ಆದರೂ ತಲೆ ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ. ಅವಳು ಏಳಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸುತ್ತ ಹೇಳಿದಳು:

"ಇದನ್ನ ಬರೀಬ್ಯಾಡ್ರಿ. ಕಲಬುರ್ಗಿ ಕೋರ್ಟಿನ್ಯಾಗ ನನ್ನೂ ಹಿಂಗಽ ಒಳಗ ಕರದಿದ್ರು. ಅಷ್ಟಽ ವಯಸ್ಸು ನಂದೂ. ಜಡ್ಜ್ ಭಾಳ ಛಲೋ ಮನುಷ್ಯಾ, ಚಾಕಲೇಟ್ ಕೊಟ್ರು. 'ಅವ್ವನ ಹತ್ರ ಇರ್ತಿ, ಹೌದಿಲ್ಲೋ?' ಅಂದ್ರು. ನಾ ಹ್ಞೂಂ ಅಂದೆ. ನಾ ಕೇಳಬೇಕಂತ ಹೋಗಿದ್ದು ಬ್ಯಾರೇನ ಇತ್ರಿ. ತಮ್ಮ ಎಲ್ಲಿರ್ತಾನ ಅಂತ ಕೇಳಬೇಕಂತ ಇದ್ದೆ. ಅವರು ಆಗಲೇ ಬರಿಯಾಕ ಹತ್ತಿದ್ರು. ತಮ್ಮ ಅಪ್ಪನ ಕಡಿ ಹೋದ. ಆಮ್ಯಾಲೆ ನಾ ಅವನ್ನ ನೋಡಿದ್ದು ಎರಡೇ ಸಲ. ಮೊನ್ನೆ ಮೊನ್ನೆ ಮಟ ಸಿಟ್ಟು ಜಡ್ಜ್ ಮ್ಯಾಲಿತ್ತು. ನಿನ್ನೆ ನೀವು 'ಹೌದಿಲ್ಲೋ' ಅಂದಾಗ ನಾ ಮತ್ತ ಹ್ಞೂಂ ಅಂದ್ನಲ್ಲ, ನನ್ನ ಮ್ಯಾಲೇ ಸಿಟ್ಟು ಬಂತು" ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಮುಚ್ಚಳ ಬಾಯಲ್ಲಿಟ್ಟುಕೊಂಡೇ ಅತ್ತೆ. ಯಾದಗಿರಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೂ ಅವನು ಎದ್ದು ಹೋಗಿ ನೀರು ತಂದು ಇಬ್ಬರ ಮುಂದೆಯೂ ಇಟ್ಟ.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ರಿಜಿಸ್ಟರು ಸಾಹೇಬರ ಮೇಜಿನ ಮೇಲಿಟ್ಟೆ. ಅರ್ಧ ಪುಟವೂ ಇರಲಿಲ್ಲ. ಓದಿದರು, ಇನ್ನೊಮ್ಮೆ ಓದಿದರು. "ಇಷ್ಟೇ ಏನ್ರಿ?" ಎಂದರು. "ಬರೀಲಿಕ್ಕೆ ಇಷ್ಟೇ ರಿ" ಎಂದೆ. ನನ್ನ ಊದಿದ ಕಣ್ಣು ನೋಡಿದರು. ಏನೂ ಕೇಳದೆ ಹಸಿರು ಶಾಯಿಯ ಪೆನ್ನು ತೆಗೆದು ಸಹಿ ಹಾಕಿದರು. ಹನ್ನೆರಡಕ್ಕೆ ಹೋದ ಪಟ್ಟಿಯಲ್ಲಿ ರೇಣುಕಾಳ ಹೆಸರು ನಾನೇ ಟೈಪು ಮಾಡಿದೆ. ಫಾರ್ಮು ಕೈಗೆ ಕೊಟ್ಟಾಗ ಅವಳು ಅದನ್ನು ಮಡಿಸದೆ ಹಾಗೇ ಎದೆಗವಚಿಕೊಂಡು ಮೆಟ್ಟಿಲಿಳಿದಳು.

ನನ್ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಸಂಜೆ ಸಾಹೇಬರು, "ಸುಮಿತ್ರಾಬಾಯಿ, ನೀವು ಕೋರ್ಟು ನೋಡೀರೇನು?" ಎಂದು ಕೇಳಿದರು. ನಾನು ತಬ್ಬಿಬ್ಬಾದೆ. ಇಷ್ಟು ಜನರನ್ನು ಕಳಿಸಿದ್ದೆ, ಇಷ್ಟು ಪುಟ ಬರೆದಿದ್ದೆ, ಒಂದು ದಿನವೂ ಆ ಕಟ್ಟಡದ ಗೇಟು ದಾಟಿರಲಿಲ್ಲ! ಎಲ್ಲರ ಮನೆಯ ಸುದ್ದಿ ಬೇಕಾದವಳಿಗೆ ಇದೊಂದು ಯಾಕೆ ಹೊಳೆಯಲಿಲ್ಲವೋ. "ಹಂಗಾದ್ರ ಹೋಗಿ ಕುಂತು ಬರ್ರಿ" ಎಂದರು.

ಹೋದೆ. ಕೂತೆ. ಬಂದೆ. ತರಗತಿಗಳು ಶುರುವಾದ ದಿನ ಸಾಹೇಬರು ರೇಣುಕಾಳನ್ನು ಕರೆದು ಕಿಟಕಿಯೊಳಗೆ ನನ್ನ ಕುರ್ಚಿಯಲ್ಲಿ ಕೂರಿಸಿದರು. ನಾನು ಹೊರಗೆ, ಎಲ್ಲರೂ ನಿಲ್ಲುವ ಜಾಗದಲ್ಲಿ. ಯಾದಗಿರಿ ಸ್ಟೂಲು ಹತ್ತಿರ ಎಳೆದುಕೊಂಡು ಕೂತ. ಅವನ ಮುಖದಲ್ಲಿದ್ದ ಸಂತೋಷ ನೋಡಬೇಕಿತ್ತು.

ರೇಣುಕಾ ರಿಜಿಸ್ಟರು ತೆರೆದು, ಪೆನ್ನು ಹಿಡಿದು, "ಏನು ನೋಡಿದ್ರಿ ಬಾಯಾರ?" ಎಂದಳು.

"ಒಬ್ಬ ಮುದುಕ ಕಂಬಕ್ಕ ಒರಗಿ ನಿಂತಿದ್ದ" ಎಂದೆ. "ಕೈಯಾಗ ಸಮನ್ಸ್ ಹಿಡಕೊಂಡಿದ್ದ."

ಅವಳ ಪೆನ್ನು ನಿಂತಿತು. "ಓದಿದ್ರೇನು?" ಎನ್ನಲಿಲ್ಲ, "ಸಮನ್ಸ್ ಅಂತ ಹೆಂಗ ಗೊತ್ತಾತು?" ಎನ್ನಲಿಲ್ಲ. ಸುಮ್ಮನೆ ಕಾದಳು. ಹಿಂದೆ ಯಾದಗಿರಿ ಕೆಮ್ಮಿದ.

"ಕಾಗದ" ಎಂದೆ. "ಕೈಯಾಗ ಒಂದು ಕಾಗದ ಹಿಡಕೊಂಡಿದ್ದ."

ಅವಳು ಎರಡೂ ಮಾತನ್ನು ನಾನು ಹೇಳಿದ ಹಾಗೇ ಬರೆದುಕೊಂಡಳು. ಆ ದಿನ ಸಾಹೇಬರ ಹಸಿರು ಸಹಿ ಬೀಳಲಿಲ್ಲ. ಅದಕ್ಕಾಗಿ ನಾನು ಇನ್ನೂ ಎರಡು ಸಲ ಹೋಗಿ ಕೂತು ಬರಬೇಕಾಯಿತು.